ಅರ್ಧ ಸೂಜಿ

"ಅಮ್ಮಾ, ಅಜ್ಜಿ ನನ್ನ ಆಯಸ್ಕಾಂತ ಯಾಕೆ ತಗೊಂಡು ಹೋದ್ರು?"

ಮಗಳು ಬೆಳಿಗ್ಗೆ ಹೀಗೆ ಕೇಳಿದಾಗ ನಕ್ಕುಬಿಟ್ಟೆ. ಅರವತ್ತೆರಡರಲ್ಲಿ ನಮ್ಮ ಅತ್ತೆಗೆ ಆಟದ ಸಾಮಾನಿನ ಚಪಲವೇ! ಸಂಜೆ ಅವರ ಚೀಲದಿಂದ ಊಟದ ಡಬ್ಬಿ ತೆಗೆಯುವಾಗ ಕೆಂಪು ಆಯಸ್ಕಾಂತ ಸಿಕ್ಕಿತು. ಅವರ ಮುಖ ನೋಡಿದೆ. ನಗು ಬಿಟ್ಟು, ಏನಾಯಿತೆಂದು ಕೇಳಿದೆ.

ಹಳೆಯ ಕಾಲದ ವಿಮಾನಗಳನ್ನು ಮತ್ತೆ ಹಾರುವಂತೆ ಮಾಡುವ ಶೆಡ್ಡೊಂದರಲ್ಲಿ ಅತ್ತೆ ರೆಕ್ಕೆ ಹೊಲಿಯುತ್ತಾರೆ. ಆ ರೆಕ್ಕೆಗಳಿಗೆ ಮರದ ಪಕ್ಕೆಲುಬು, ಮೇಲೆ ಬಟ್ಟೆ. ಗೇಣುದ್ದದ ಸೂಜಿಯನ್ನು ಮೇಲಿಂದ ಕೆಳಕ್ಕೆ ತೂರಿಸಿ, ಪಕ್ಕೆಲುಬನ್ನು ಬಳಸಿ, ಮೂರು ಬೆರಳಗಲಕ್ಕೊಂದು ಗಂಟು. ಆಮೇಲೆ ಬಟ್ಟೆ ಬಿಗಿಯಲು ಬಣ್ಣ. ಮೊದಲು ಇವರು ದಿಂಬು, ಸೀಟಿನ ಕವರ್ ಹೊಲಿಯುತ್ತಿದ್ದವರು. ಮಾವ ತೀರಿಕೊಂಡ ವರ್ಷ ಶೆಡ್ಡಿನ ಮೇಸ್ತ್ರಿ ಬಂದು, "ದಿಂಬು ಹೊಲಿಯೋ ಕೈ ರೆಕ್ಕೆ ಹೊಲಿಯಲ್ವಾ?" ಎಂದರಂತೆ. ಅದಾಗಿ ಇಪ್ಪತ್ತು ವರ್ಷ. ಈಗ ಅಲ್ಲಿನ ಹುಡುಗಿಯರಿಗೆ ಇವರು 'ಸೂಜಿ ಟೀಚರ್'. ಟೀಚರದು ಒಂದೇ ಕಟ್ಟಳೆ: ಸೂಜಿ ಮುರಿದರೆ ಎರಡೂ ತುಂಡು ತಂದು ತೋರಿಸಬೇಕು. ಅಲ್ಲಿಯವರೆಗೆ ಹೊಸ ಸೂಜಿಯೂ ಇಲ್ಲ, ಊಟವೂ ಇಲ್ಲ. ಒಮ್ಮೆ ಒಬ್ಬಳನ್ನು ಸಂಜೆಯವರೆಗೆ ನೆಲದ ಮೇಲೆ ಹುಡುಕಿಸಿ ಅಳಿಸಿದ್ದರು.

"ಹೋದ ವಾರ ನನ್ನ ಸೂಜೀನೇ ಮುರೀತು ಕಣೇ," ಎಂದರು ಅತ್ತೆ. "ಒಂದು ತುಂಡು ಕೈಯಲ್ಲಿತ್ತು, ಇನ್ನೊಂದು ರೆಕ್ಕೆ ಒಳಗೆ ಬಿತ್ತು. ಹುಡುಗೀರು ಪಕ್ಕದಲ್ಲೇ ಇದ್ರು. ಬಾಯಿಗೆ ಬೀಗ ಬಿತ್ತು."

"ವಾರದ ಕೊನೆಗೆ ಸೂಜಿ ಎಣಿಸಿದಾಗ ಗೊತ್ತಾಗಲಿಲ್ವಾ?"

"ಮನೇಲಿ ನಂದೊಂದು ಹಳೇದಿತ್ತಲ್ಲ, ಅದನ್ನ ತಗೊಂಡ್ಹೋಗಿ ಸೇರಿಸಿಟ್ಟೆ." ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. "ಬಣ್ಣಾನೂ ಬಳಿದಾಯ್ತು. ಇವತ್ತು ಎಲ್ಲರೂ ಊಟಕ್ಕೆ ಹೋದಾಗ ಈ ಆಯಸ್ಕಾಂತಾನ ರೆಕ್ಕೆಯುದ್ದಕ್ಕೂ ಎಳೆದೆ, ತುಂಡು ಸಿಗಲಿಲ್ಲ. ಫ್ರಿಜ್ಜಿನ ಮೇಲೆ ಚೀಟಿ ಹಿಡಿಯೋಕಷ್ಟೇ ಲಾಯಕ್ಕು ಇದು."

ಶನಿವಾರ ಆ ವಿಮಾನ ಹಾರಬೇಕು. ಹಾರಿಸುವವನು ಮೇಸ್ತ್ರಿಯ ಮಗ.

"ಮೊನ್ನೆ ನನ್ನ ಕೈ ಹಿಡ್ಕೊಂಡು, 'ನಿಮ್ಮ ಹೊಲಿಗೆ ಇರೋವಾಗ ನಂಗೇನು ಭಯ ಆಂಟಿ' ಅಂದ. ಆ ತುಂಡು ಜಾರಿ, ಒಳಗೆ ವಿಮಾನ ತಿರುಗಿಸೋ ತಂತಿ ಓಡೋ ಗಾಲೀಲಿ ಸಿಕ್ಕಿಕೊಂಡ್ರೆ ವಿಮಾನ ಅವನ ಮಾತು ಕೇಳಲ್ಲ ಕಣೇ."

ಹೇಳಿದರೆ ರೆಕ್ಕೆಯ ಬಟ್ಟೆ ಕತ್ತರಿಸಿ ಹುಡುಕಬೇಕು. ಮೂರು ವಾರದ ಕೆಲಸವೂ ಇಪ್ಪತ್ತು ವರ್ಷದ ಹೆಸರೂ ಒಟ್ಟಿಗೇ ನೀರಿಗೆ. 'ಅರ್ಧ ಸೂಜಿ ತಾನೇ' ಎಂಬ ಮಾತು ನನ್ನ ನಾಲಿಗೆಯ ತುದಿಗೂ ಬಂದಿತ್ತು; ಇಲ್ಲಿ ಬರೆಯಲೂ ನಾಚಿಕೆಯಾಗುತ್ತದೆ. ಅದನ್ನು ನುಂಗಿಕೊಂಡು ಫೋನ್ ಎತ್ತಿಕೊಂಡೆ.

"ನಾನೇ ಮೇಸ್ತ್ರಿಗೆ ಹೇಳ್ಲಾ ಅತ್ತೆ?"

"ಬೇಡ. ಹುಡುಗೀರ ಮುಂದೇನೇ ನಾನು ಹೇಳ್ಬೇಕು." ಆಯಸ್ಕಾಂತವನ್ನು ಒರೆಸಿ ಮಗಳ ಕೈಗಿಟ್ಟರು. "ನೀನೊಂದು ಉಪಕಾರ ಮಾಡು. ನಾಳೆ ಜೊತೆಗೆ ಬಂದು ನನ್ನ ಹಿಂದೆ ನಿಂತ್ಕೋ. ನಾನೇನಾದ್ರೂ ಬಿಸಿಲು, ಗಾಳಿ ಅಂತ ಬೇರೆ ಮಾತು ಶುರುಮಾಡಿದ್ರೆ, ಜೋರಾಗಿ ಚಿವುಟಿಬಿಡು."