ಇಲಿವಾರದ ದಿನ ಇಲಿಯ ಗುಲ್ಮ

ಗಣೇಶ ಚೌತಿಯ ಮರುದಿನ ಇಳಕಲ್ಲಿನ ನಮ್ಮಂಥ ನೇಕಾರರ ಮನೆಗಳಲ್ಲಿ ಇಲಿವಾರ. ಅಂದು ಮಗ್ಗ ಆಡುವುದಿಲ್ಲ, ಕತ್ತರಿ ಮುಟ್ಟುವುದಿಲ್ಲ, ಮಗ್ಗದ ಬಳಿ ಇಲಿಗೆ ಎಡೆ ಇಡುತ್ತೇವೆ. ವರ್ಷವಿಡೀ ರೇಷ್ಮೆ ಕಡಿಯಬೇಡಪ್ಪಾ ಎಂದು ಕೊಡುವ ಲಂಚ ಅದು. ಇಂಥ ಮನೆಯಲ್ಲಿ ಹುಟ್ಟಿದ ನಾನು, ಬಾಗಲಕೋಟೆಯ ಪ್ರಯೋಗಾಲಯದಲ್ಲಿ ಇಲಿ ಕೊಯ್ಯಲು ಸರಿಯಾಗಿ ಇಲಿವಾರದ ಮುಹೂರ್ತವನ್ನೇ ಇಟ್ಟುಕೊಂಡಿದ್ದೆ. ಎಂಥ ಬುದ್ಧಿವಂತೆ!

ನನ್ನ ತಮ್ಮನಿಗೆ ಗಾಯವಾದರೆ ರಕ್ತ ನಿಲ್ಲುವುದಿಲ್ಲ. ರಕ್ತ ಹೆಪ್ಪುಗಟ್ಟಿಸುವ ‘ಫ್ಯಾಕ್ಟರ್ ನೈನ್’ ಎಂಬ ಒಂಬತ್ತನೆಯ ಅಂಶ ಅವನಲ್ಲಿ ತೀರಾ ಕಡಿಮೆ. ಅದು ಎಷ್ಟಿದೆಯೆಂದು ನಮ್ಮಲ್ಲೇ ಅಳೆಯಬೇಕಾದರೆ ಅದೊಂದನ್ನೇ ಗುರುತು ಹಿಡಿಯುವ ಪ್ರತಿಕಾಯ ಬೇಕು. ಅದಕ್ಕೆಂದೇ ಮನುಷ್ಯರ ಆ ಅಂಶವನ್ನು ಬಿಳಿ ಇಲಿಗಳಿಗೆ ಚುಚ್ಚುತ್ತಿದ್ದೆವು. ಅವುಗಳಲ್ಲಿ ಒಂದೇ ಒಂದು ಇಲಿ ನಮ್ಮ ಮಾತು ಕೇಳಿ ಮೈಯಲ್ಲಿ ಆ ಪ್ರತಿಕಾಯ ತಯಾರಿಸಿತ್ತು. ಆ ದಿನವೇ ಅದರ ಗುಲ್ಮದ, ಅಂದರೆ ಸ್ಪ್ಲೀನಿನ, ಕೋಶಗಳನ್ನು ತೆಗೆದು, ಪ್ರತಿಕಾಯ ಮುಗಿಯದೆ ಸಿಗುತ್ತಿರಲೆಂದು ಸಾಯಲು ಒಪ್ಪದ ಕ್ಯಾನ್ಸರ್ ಕೋಶಗಳೊಂದಿಗೆ ಬೆಸೆಯಬೇಕಿತ್ತು. ಜಾತಕ ಕೂಡಿಸಿದಷ್ಟೇ ಕಿರಿಕಿರಿಯ ಕೆಲಸ. ಹೊತ್ತು ಮೀರಿದರೆ ತಿಂಗಳುಗಟ್ಟಲೆ ದುಡಿದದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಬಾಯಿ ಸುಮ್ಮನಿರದೆ ಇದನ್ನು ಹಿಂದಿನ ದಿನ ಫೋನಿನಲ್ಲಿ ಅವ್ವನಿಗೆ ಹೇಳಿಬಿಟ್ಟೆ. ಬೆಳಿಗ್ಗೆ ಅವಳು ಹುನಗುಂದದ ಮೇಲೆ ಬರುವ ಬಸ್ಸು ಹಿಡಿದು, ಕಡುಬಿನ ಡಬ್ಬಿ ಸಮೇತ ಪ್ರಯೋಗಾಲಯದ ಬಾಗಿಲಿಗೇ ಬಂದಳು.

“ಇವತ್ತೊಂದಿನ ಬ್ಯಾಡವಾ. ನಾಳೆ ಕೊಯ್ಯಿ.”

“ಯವ್ವಾ, ನಾಳೆ ಅಂದ್ರ ಹೊತ್ತು ಮೀರತೈತಿ.”

“ಹಂಗಾರ ಹೆಗ್ಗಣ ಕೊಯ್ಯಿ. ಅದಕ್ಕ ಇವತ್ತ ವಾರ ಇಲ್ಲ.”

ನಗು ಬಂತು, ಸಿಟ್ಟೂ ಬಂತು. “ತಮ್ಮನ ಸಲುವಾಗೇ ಮಾಡಾಕತ್ತೇನಿ,” ಎಂದು ರೇಗಿದೆ.

“ನಾನೂ ಅವನ ಸಲುವಾಗೇ ಬಂದೇನಿ. ಇಲಿ ಸಿಟ್ಟಾಗಿ ಅವಗ ಏನರ ಮಾಡಿದ್ರ?”

ಅವಳ ಮುಖ ನೋಡಿ ವಿಜ್ಞಾನದ ಪಾಠ ಬಿಟ್ಟೆ. ಹೇಳಿದ್ದು ಇಷ್ಟೇ: “ಆ ಇಲಿ ಬಿಟ್ರ ನಮಗ ಬ್ಯಾರೆ ದಾರಿ ಇಲ್ಲವಾ.”

 ಅವ್ವ ಡಬ್ಬಿ ತೆರೆದಳು.

“ಮೊದಲ ಅದಕ್ಕ ಇದನ್ನ ತಿನಿಸು.”

“ಹೊರಗಿನ ತಿನಿಸು ಒಳಗ ಒಯ್ಯಂಗಿಲ್ಲ.”

“ಹಂಗಾರ ಅದರ ಹೆಸರಿಲೆ ನೀನ ತಿನ್ನು.”

ಬಿಳಿ ಕೋಟು ತೊಟ್ಟು, ಬಾಗಿಲಲ್ಲೇ ನಿಂತು, ಇಲಿಯ ಪರವಾಗಿ ಎರಡು ಕಡುಬು ತಿಂದೆ. ಕಾವಲುಗಾರ ಬಾಯಿ ತೆರೆದು ನೋಡುತ್ತಿದ್ದ.

ಅವ್ವ ಸೆರಗಿನಿಂದ ನನ್ನ ಬಾಯಿ ಒರೆಸಿದಳು.

“ನಿನ್ನ ತಮ್ಮ ಹುಟ್ಟಿದಾಗಿಂದ ನಮ್ಮ ಮನಿಯಾಗ ಕತ್ತರಿ ಮುಚ್ಚೇ ಇಟ್ಟೇನಿ. ನಮಗ ದಿನಾ ಇಲಿವಾರನ. ಹೋಗು, ಕೊಯ್ಯಿ.”