ಮಬ್ಬು ಹರಳು, ತಿಳಿ ಹರಳು

ಎರಡು ಸಾವಿರದ ದಶಕದ ಮೊದಲ ವರ್ಷಗಳು. ರೋಣದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತ, ಪಿಎಚ್‌ಡಿಗಾಗಿ ಅಲ್ಲಿನ ಲ್ಯಾಬಿನಲ್ಲೇ ಹೊಸ ಬೋರೇಟ್ ಹರಳು ಬೆಳೆಸುತ್ತಿದ್ದೆ. ಬೋರಿಕ್ ಆಮ್ಲದೊಂದಿಗೆ ಬೇರೆ ಬೇರೆ ಲವಣ ಕರಗಿಸಿ, ಬೀಕರಿನ ಬಾಯಿಗೆ ತೂತಿನ ಕಾಗದ ಕಟ್ಟಿ, ನೀರು ನಿಧಾನ ಆರಲು ಬಿಡುವುದು. ತಳದಲ್ಲಿ ಕೂಡುವ ಹರಳು ಅತಿನೇರಳೆಯ ಆಳದ ಬೆಳಕನ್ನು ಹಾಯಗೊಡಬೇಕು. ಆ ಬೆಳಕು ಕಣ್ಣಿಗೆ ಕಾಣದು, ಗಾಜನ್ನೂ ದಾಟದು.

ಗಜೇಂದ್ರಗಡದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ನನ್ನ ಗಂಡ, ನಮ್ಮ ಮನೆಯವರು, "ಕೇರಂ ಬೋರ್ಡಿಗೆ ಉದರಸ್ತೀವಲ್ಲ, ಆ ಪೌಡರ್ ಏನು?" ಅಂದರು.

"ಹೌದ್ರಿ, ಶುರು ಅದರಿಂದನ."

ಮೊದಲು ಬಂದದ್ದು ಮಜ್ಜಿಗೆ ನೀರಿನಂಥ ಮಬ್ಬು ಹರಳು. ಎರಡನೆಯದು ಎಷ್ಟು ತಿಳಿಯಾಗಿತ್ತೆಂದರೆ, ಮನೆಯವರು ಪೇಪರಿನ ಮೇಲಿಟ್ಟು ಅದರೊಳಗಿಂದಲೇ ಅಕ್ಷರ ಓದಿದರು. "ಇದು ನೋಡು ಖರೇ ಹರಳು!" ಎರಡನ್ನೂ ಹತ್ತಿಯಲ್ಲಿ ಸುತ್ತಿ, ಅಳೆಯಲೆಂದು ಧಾರವಾಡದ ನನ್ನ ಗೈಡ್ ಸರ್‌ಗೆ ಕಳಿಸಿದೆ.

ಮುಂದೆ ಪರೀಕ್ಷೆ ಕೆಲಸಕ್ಕೆ ನರಗುಂದಕ್ಕೆ ಹೋದಾಗ ಬಸ್‌ಸ್ಟ್ಯಾಂಡಿನ ಎಸ್‌ಟಿಡಿ ಬೂತಿನಿಂದ ಸರ್‌ಗೆ ಫೋನ್ ಮಾಡಿದೆ.

"ಮಬ್ಬು ಐತಲ್ಲ, ಅದು ಬೆಳಕು ಬಿಡ್ತೈತಿ. ತಿಳಿ ಇದ್ದದ್ದು ನಡುವನ ತಡೀತೈತಿ," ಅಂದರು.

"ಅದಲಬದಲ ಆಗ್ಯಾವೇನ್ರಿ, ಸರ್?"

"ನಾನೂ ಹಂಗ ಅನಕೊಂಡು ಮತ್ತ ನೋಡಿದೆವ್ವ. ಅದಽ ಬಂತು."

ರೋಣದ ಬಸ್ಸು ಕಣ್ಣೆದುರೇ ಹೋಯಿತು. ಕೈ ಮಾಡಲೂ ನೆನಪಾಗಲಿಲ್ಲ.

ಎರಡನೆಯ ಸಲ ಬೋರಿಕ್ ಆಮ್ಲದ ಬಾಟಲಿ ಬದಲಿಸಿದ್ದೆ. ಅದರಲ್ಲಿ ಕಣ್ಣಿಗೆ ಬೀಳದಷ್ಟು ಕಬ್ಬಿಣ ಸೇರಿ ಆ ಬೆಳಕನ್ನು ನುಂಗುತ್ತಿರಬೇಕು ಅಂದುಕೊಂಡೆ. ಹಳೆಯ ಬಾಟಲಿಯಲ್ಲಿ ಉಳಿದದ್ದರಿಂದ ಮತ್ತೆ ಬೆಳೆಸಿದೆ. ಅದೂ ತಡೆಯಿತು. ಹೊಸದರಿಂದ ಬೆಳೆಸಿದೆ, ಸ್ವಲ್ಪ ಬಿಟ್ಟಿತು. ಬಟ್ಟಿ ಇಳಿಸಿದ ನೀರಿನ ಮೇಲೆ ಸಂಶಯ ಬಂತು, ಬೀಕರಿನ ಮೇಲೆ ಬಂತು, ಕೊನೆಗೆ ನನ್ನ ಕೈಯ ಮೇಲೇ.

"ನೀನಽ ಬೆಳಸೀದಿ, ನಿನಗ ತಿಳೀವಲ್ದಾ?" ಎಂದು ಮನೆಯವರು ಕೇಳಿದರು. ಅಣಕವಿರಲಿಲ್ಲ, ಅವರಿಗೂ ಸೋಜಿಗ.

"ತಿಳೀವಲ್ದರಿ."

ಕಂಡದ್ದನ್ನೆಲ್ಲ ಕಂಡ ಹಾಗೇ ಪ್ರಬಂಧದಲ್ಲಿ ಬರೆದೆ. ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದಿದ್ದ ಹಿರಿಯರು, "ಹಿಂಗ ಯಾಕಾತು?" ಅಂದರು. ರಾತ್ರಿಯೆಲ್ಲ ಉರುಹಾಕಿದ್ದ ಉತ್ತರವನ್ನು ಬದಿಗಿಟ್ಟು, "ಗೊತ್ತಿಲ್ಲ, ಸರ್," ಅಂದೆ. ಅವರು ಕನ್ನಡಕ ತೆಗೆದು, "ನನಗೂ ಗೊತ್ತಾಗವಲ್ದು," ಎಂದು ಹಾಳೆ ತಿರುವಿದರು.

ಪದವಿ ಬಂತು. ಮನೆಯವರು ರಾಜೂರಿನ ಬೀಗರವರೆಗೂ ಪೇಢೆ ಹಂಚಿಸಿದರು. "ಏನು ಕಂಡುಹಿಡದ್ರಿ?" ಎಂದು ಯಾರಾದರೂ ಕೇಳಿದರೆ, ನಾನು ಲಗೂನ ಪೇಢೆ ಡಬ್ಬಿ ಮುಂದೆ ಹಿಡಿಯುತ್ತಿದ್ದೆ.