ಮಾತಾಡಿದೆ ಎಂದು ಗುರುತು ಬಿದ್ದ ನಲವತ್ತೊಂದು ಹೆಸರು

ಸುಜಾತಾ, ಗೌತಮಾ,

ನಮ್ಮಜ್ಜಿ ಕಂಪ್ಯೂಟರ್ ಮುಂದೆ ಕೂತು ಕೆಲಸ ಮಾಡುತ್ತಿದ್ದಳು ಎಂದು ನೀವು ಗೆಳೆಯರಿಗೆ ಹೆಮ್ಮೆಯಿಂದ ಹೇಳುವುದು ನನ್ನ ಕಿವಿಗೆ ಬಿದ್ದಿದೆ. ಆ ಕೆಲಸದಲ್ಲಿ ನಾನು ಮಾಡಿದ ಒಂದು ತಪ್ಪೂ ನಿಮಗೆ ಗೊತ್ತಿರಲಿ. ಬಾಯಿ ಬಿಟ್ಟು ಹೇಳಲು ನಾಚಿಕೆ, ಅದಕ್ಕೇ ಬರೆಯುತ್ತಿದ್ದೇನೆ.

ಅದು ಕೊರೊನಾ ತಗ್ಗಿದ ಮರುವರ್ಷ. ಆಗ ನಾನು ಶಹಾಪುರದ ಒಂದು ಅಂಗಡಿಯಲ್ಲಿದ್ದೆ. ಹೊಲಿಗೆ ಯಂತ್ರ, ಮಿಕ್ಸರ್, ಮನೆಯಲ್ಲೇ ಜೋಳ ಬೀಸುವ ಸಣ್ಣ ಗಿರಣಿ ಮಾರುತ್ತಿದ್ದೆವು. ಊರಿನ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದ್ದ ನನ್ನನ್ನು ಮಾಲೀಕರಾದ ವೀರಭದ್ರಪ್ಪನವರು ಮೊದಲು ಬಿಲ್ ಬರೆಯಲು ಇಟ್ಟುಕೊಂಡಿದ್ದರು. ಆಮೇಲೆ ಗಿರಣಿ ಕಂಪನಿಯವರು ಸಿಆರ್‌ಎಂ ಎಂಬ ಸಾಫ್ಟ್‌ವೇರ್ ಕೊಟ್ಟಾಗ ಅದನ್ನೂ ನನಗೇ ಒಪ್ಪಿಸಿದರು. ಗಿರಾಕಿಯ ಹೆಸರು, ಫೋನ್ ನಂಬರ್, ಯಾವಾಗ ಏನು ಕೊಂಡರು, ಕೊನೆಗೆ ಯಾವತ್ತು ಮಾತಾಡಿದೆವು ಎಂಬುದೆಲ್ಲ ಅದರಲ್ಲಿರುತ್ತದೆ. ಗಿರಣಿ ಕೊಂಡವರಿಗೆ ಆಗಾಗ ಫೋನ್ ಮಾಡಿ ವಿಚಾರಿಸುವುದು ನನ್ನ ಕೆಲಸ.

ಆ ಫೋನೇ ನನಗೆ ಕಷ್ಟ. ಎದುರಿಗೆ ಗಂಡಸರ ದನಿ ಬಂದರೆ ನಾಲಿಗೆ ಒಣಗುತ್ತಿತ್ತು. ಒಮ್ಮೆ ಕಡೇಚೂರಿನ ಒಬ್ಬ, "ಗಿರಣಿ ಛಲೋ ಐತ್ರಿ, ನೀವ್ ಹೆಂಗದೀರಿ?" ಎಂದು ನಕ್ಕಿದ್ದ. ಹಿಂದೆ ನಾಲ್ಕು ಜನ ನಕ್ಕದ್ದೂ ಕೇಳಿತು. ಅವತ್ತು ಮತ್ತೆ ಫೋನ್ ಮುಟ್ಟಲಿಲ್ಲ.

ನಮ್ಮ ಕಡೆ ಹೆಂಗಸರು ಗಿರಣಿ ಕೊಂಡರೂ ಬಿಲ್ಲಿನಲ್ಲಿ ಬರೆಸುವ ನಂಬರು ಜೊತೆಗೆ ಬಂದ ಗಂಡಸಿನದು. ವಾರಂಟಿ ಆ ನಂಬರಿಗೇ ಬಿದ್ದ ಮೇಲೆ ಬದಲಿಸಲು ಬರುತ್ತಿರಲಿಲ್ಲ. ತಿಂಥಣಿ ಹತ್ತಿರದ ಹಳ್ಳಿಯ ದೇವಮ್ಮ ಗಿರಣಿಯ ಕಲ್ಲು ಬದಲಿಸಲು ಬಂದಾಗ ನನ್ನ ಮುಂದೆ ಕೂತು ಹೇಳಿದ್ದಳು: "ಆ ನಂಬರ್ ನನ್ ಮೈದುನಂದ್ರಿ ಅಕ್ಕಾ. ಅಂವ ನಮ್ ಕೂಡ ಮಾತು ಬಿಟ್ಟಾನ. ಬಾಜು ಮನಿ ಹುಸೇನಬಿ ಫೋನಿಗಿ ಹಚ್ಚರಿ, ಓಡಿ ಬಂದು ಮಾತಾಡ್ತೀನಿ." ಗಂಡನಿಲ್ಲದ ಆಕೆ ಓಣಿಯವರ ಜೋಳ ಬೀಸಿ ಮಕ್ಕಳನ್ನು ಸಾಕುತ್ತಿದ್ದಳು. ಹುಸೇನಬಿಯ ನಂಬರನ್ನು ಷರಾ ಬರೆಯುವ ಜಾಗದಲ್ಲಿ ಬರೆದುಕೊಂಡೆ.

ಅದೇ ಬೇಸಿಗೆಯಲ್ಲಿ ಕಂಪನಿಯಿಂದ ಒಂದು ಮೇಲ್ ಬಂತು. ಆ ವರ್ಷದ ಗಿರಣಿಗಳಲ್ಲಿ ಮೋಟಾರಿನ ವೈರು ತಗಡಿಗೆ ಉಜ್ಜಿ ಸವೆಯುತ್ತಿದೆ, ತಗಡಿಗೆ ಕರೆಂಟ್ ಬರಬಹುದು, ವೈರು ಬದಲಿಸುವವರೆಗೆ ಯಾರೂ ಬಳಸಬಾರದು, ಪ್ರತಿಯೊಬ್ಬರಿಗೂ ಫೋನ್ ಮಾಡಿ ತಿಳಿಸಿ ಎಂದಿತ್ತು. ನಮ್ಮಲ್ಲಿ ಅಂಥವರು ನಲವತ್ತೊಂದು ಜನ.

ಸಾಫ್ಟ್‌ವೇರಿನಲ್ಲಿ ಆಟೊಮೇಶನ್ ಎಂಬುದೊಂದಿತ್ತು. ಒಮ್ಮೆ ನಿಯಮ ಬರೆದಿಟ್ಟರೆ ಅದೇ ಎಲ್ಲರಿಗೂ ಮೆಸೇಜ್ ಕಳಿಸುತ್ತದೆ, ಉತ್ತರ ಬಾರದಿದ್ದರೆ ಎರಡು ದಿನ ಬಿಟ್ಟು ಮತ್ತೆ ಕಳಿಸುತ್ತದೆ. ನಾನು ನಿಯಮ ಬರೆದೆ. ಕೊನೆಗೆ ಇನ್ನೊಂದು ಸಾಲು ಸೇರಿಸಿದೆ: ಮೆಸೇಜ್ ಮುಟ್ಟಿದ ಕೂಡಲೇ ಹೆಸರಿನ ಮುಂದೆ 'ಮಾತಾಡಿದೆ' ಎಂದು ಗುರುತು ಬೀಳಲಿ. ಅರ್ಧ ಗಂಟೆಯಲ್ಲಿ ನಲವತ್ತೊಂದು ಹೆಸರೂ ಹಸಿರಾದವು. ನಾನು ಯಾರೊಂದಿಗೂ ಮಾತಾಡಿರಲಿಲ್ಲ. ಷರಾದಲ್ಲಿ ಏನಿದೆ ಎಂದು ಆಟೊಮೇಶನ್ ಓದುವುದಿಲ್ಲ ಎಂಬುದೂ ನನಗೆ ಗೊತ್ತಿತ್ತು. ಆದರೂ ಹಗುರಾಗಿ ಮನೆಗೆ ಹೋದೆ.

ಸೋಮವಾರ ಸಾಫ್ಟ್‌ವೇರ್ ತೆರೆದರೆ, ನಿಮ್ಮ ಆಕ್ಸೆಸ್ ರದ್ದಾಗಿದೆ, ಒಳಗೆ ಹೋಗಲು ಬರುವುದಿಲ್ಲ ಎಂದು ಬಂತು. ಕಂಪನಿಯಿಂದ ಬಂದಿದ್ದ ಮೇಲ್ ನೋಡಿದೆ. ನಲವತ್ತೊಂದು ಜನರೊಂದಿಗೆ ಮಾತಾಡಿದ ಗುರುತಿದೆ, ಅಂಗಡಿ ಫೋನಿಗೆ ಜೋಡಿಸಿದ ಸಾಫ್ಟ್‌ವೇರಿನಲ್ಲಿ ಒಂದು ಕರೆಯೂ ಕಾಣುತ್ತಿಲ್ಲ, ವಿವರಣೆ ಕೊಡಿ ಎಂದಿದ್ದರು. ಅಂಗಡಿಯ ಮೇಲ್ ಓದುವವಳು ನಾನೊಬ್ಬಳೇ. ವೀರಭದ್ರಪ್ಪನವರು, "ಯಾಕ್ರಿ ಅಕ್ಕಾರ, ಸುಮ್ನ ಕುಂತೀರಿ?" ಎಂದು ಕೇಳಿದರು.

"ಸರ್ವರ್ ಬಂದಿಲ್ರಿ" ಎಂದೆ.

ಮೂರು ದಿನ ಅದನ್ನೇ ಹೇಳಿದೆ. ನನ್ನನ್ನು ಹೊರಗಿಟ್ಟರೂ ನಾನು ಬರೆದ ನಿಯಮವನ್ನು ಯಾರೂ ನಿಲ್ಲಿಸಿರಲಿಲ್ಲ. ಮೆಸೇಜುಗಳು ನನ್ನ ಹೆಸರಿನಲ್ಲೇ ಹೋಗುತ್ತಿದ್ದವು. ಹುಸೇನಬಿಯ ನಂಬರು ಸಾಫ್ಟ್‌ವೇರಿನ ಒಳಗೆ ಸಿಕ್ಕಿಬಿದ್ದಿತ್ತು, ನಿಜ. ಆದರೆ ದೇವಮ್ಮನ ಊರು ನನಗೆ ಗೊತ್ತಿತ್ತು. ಸುರಪುರಕ್ಕೆ ಹೋಗಿ ಬಸ್ಸು ಬದಲಿಸಿದರೆ ಮಧ್ಯಾಹ್ನದೊಳಗೆ ಮುಟ್ಟಬಹುದಿತ್ತು. ಹೊರಟರೆ ಎಲ್ಲಿಗೆ ಎಂದು ಮಾಲೀಕರು ಕೇಳುತ್ತಾರೆ, ಸುಳ್ಳು ಹೊರಬೀಳುತ್ತದೆ ಎಂದು ಹೆದರಿ ಕುರ್ಚಿ ಬಿಟ್ಟು ಏಳಲಿಲ್ಲ.

ಗುರುವಾರ ಅಂಗಡಿಗೆ ಫೋನ್ ಬಂತು. ಹುಸೇನಬಿ. "ಯಕ್ಕಾ, ದೇವಮ್ಮಗ ಗಿರಣಿ ಕರೆಂಟ್ ಹೊಡದೈತಿ. ಕೈ ತೊಳ್ಕೊಂಡು ಹಸಿ ಕೈಲೆ ಮುಟ್ಯಾಳ. ಸುರಪುರ ದವಾಖಾನ್ಯಾಗ ಅದಾಳ್ರಿ. ಜೀವಕ್ಕೇನಿಲ್ಲ, ಬಲಗೈ ಸುಟ್ಟೈತಿ."

ಮಾಲೀಕರ ಮುಂದೆ ನಿಂತು ಎಲ್ಲ ಹೇಳಿದೆ. ಅವರು ಫೋನನ್ನು ನನ್ನ ಕಡೆ ಸರಿಸಿದರು. "ಫೋನ್ ಮಾಡಾಕ ನಾಚಿಕಿ ಬರ್ತದಂದಿದ್ರ ನಾನೇ ಮಾಡ್ತಿದ್ನೆಲ್ರಿ! ಬಿಲ್ ಪುಸ್ತಕ ತಗೀರಿ. ಒಬ್ಬೊಬ್ರಿಗೂ ಹಚ್ಚರಿ, ನನ್ ಮುಂದ." ಸಂಜೆಯವರೆಗೆ ಹಚ್ಚಿದೆ. ಮೆಸೇಜ್ ಓದಲು ಬಾರದವರು, ನೋಡದವರು, ನೋಡಿಯೂ ನಂಬದವರು ಸೇರಿ ಹನ್ನೊಂದು ಮನೆಗಳಲ್ಲಿ ಗಿರಣಿ ಇನ್ನೂ ತಿರುಗುತ್ತಿತ್ತು. ಒಬ್ಬಾಕೆ, "ಈಗ ಹಿಟ್ಟು ತುಂಬಾಕತ್ತಿದ್ನೆವ್ವಾ" ಎಂದಾಗ, "ಮೊದ್ಲ ಸ್ವಿಚ್ ಬಂದ್ ಮಾಡವ್ವಾ" ಎಂದು ಕೂಗಿದೆ. ಫೋನಿನಲ್ಲಿ ಯಾರೂ ನನ್ನನ್ನು ಅಣಕಿಸಲಿಲ್ಲ.

ಮರುದಿನ ಸುರಪುರಕ್ಕೆ ಹೋದೆ. ದೇವಮ್ಮನ ಬಲಗೈಗೆ ಮೊಣಕೈವರೆಗೆ ಬಟ್ಟೆ ಸುತ್ತಿದ್ದರು. ನನ್ನನ್ನು ಕಂಡು ಎಡಗೈಯಿಂದಲೇ ಸೆರಗು ಸರಿಮಾಡಿಕೊಂಡಳು.

"ಮೆಸೇಜು ಮೈದುನಗ ಬಂದಿತ್ತಂತ್ರಿ. ಅಂವ ಹೇಳಲಿಲ್ಲ. ಅಂವಗ ಹಚ್ಚಬ್ಯಾಡ್ರಿ ಅಂತ ನಿಮಗ ಹೇಳಿದ್ನೆಲ್ರಿ ಅಕ್ಕಾ?"

"ನೀ ಹೇಳಿದ್ದೆವ್ವಾ."

 ಅವಳು ತಾನೇ ನನಗೆ ಸಮಾಧಾನ ಹೇಳಿದಳು: "ಬಿಡ್ರಿ, ಕಂಪ್ಯೂಟರ್ ಮಾಡಿದ್ದಕ್ಕ ನೀವೇನ್ ಮಾಡ್ತೀರಿ? ಹುಡುಕ್ಕೋತ ಬಂದ್ರೆಲ್ಲ, ಅಷ್ಟ ಸಾಕು."

ಆಗ ಹೇಳಬೇಕಿತ್ತು. ಕಂಪ್ಯೂಟರ್ ಅಲ್ಲ, ನಾನು ಎಂದು. ನಾನು ತಲೆ ಆಡಿಸಿದೆ. ತಂದಿದ್ದ ಬಾಳೆಹಣ್ಣು ಸುಲಿದು ಕೊಟ್ಟು ಬಂದೆ.

ಕಂಪನಿಯವರು ಮಾಲೀಕರ ಮಾತಿನ ಮೇಲೆ ಎರಡು ತಿಂಗಳ ನಂತರ ಆಕ್ಸೆಸ್ ಮರಳಿ ಕೊಟ್ಟರು. ಕೆಲಸ ಬಿಡುವವರೆಗೆ, ಎದುರಿನವರ ದನಿ ಕೇಳದೆ ಒಂದು ಹೆಸರಿಗೂ ಗುರುತು ಹಾಕಲಿಲ್ಲ. ಆ ಕೆಲಸ ಕಲಿಸಿದ್ದು ಇಷ್ಟೇ: ಸುದ್ದಿ ಕಳಿಸಿದ್ದು ಬೇರೆ, ಮುಟ್ಟಿದ್ದು ಬೇರೆ. ಇವೆರಡರ ನಡುವೆ ಒಬ್ಬಾಕೆಯ ಕೈ ಇರಬಹುದು.

ದೇವಮ್ಮನ ಎರಡು ಬೆರಳು ಇಂದಿಗೂ ಮಡಚುವುದಿಲ್ಲ. ಎಡಗೈಯಿಂದ ರೊಟ್ಟಿ ಬಡಿಯುವುದನ್ನು ಕಲಿತಿದ್ದಾಳೆ. ಹಬ್ಬಕ್ಕೊಮ್ಮೆ ಹುಸೇನಬಿಯ ಫೋನಿನಿಂದ ನನ್ನೊಂದಿಗೆ ಮಾತಾಡುತ್ತಾಳೆ, ನನ್ನನ್ನು ಒಳ್ಳೆಯವಳೆಂದೇ ತಿಳಿದಿದ್ದಾಳೆ. ಎದುರಿಗೆ ಕೂತು ಹೇಳಲು ನನಗೆ ಇನ್ನೂ ಬಾಯಿ ಬಂದಿಲ್ಲ. ಬರೆದದ್ದನ್ನು ಆಕೆಯ ಮುಂದೆ ಓದಬಲ್ಲೆ ಎಂದುಕೊಂಡಿದ್ದೇನೆ. ಈ ಹಾಳೆಗಳನ್ನು ಹರಿಯದಂತೆ ಇಟ್ಟುಕೊಳ್ಳಿ ಮಕ್ಕಳೇ. ನನ್ನಿಂದ ಆಗದೆ ಹೋದರೆ, ಆಕೆಯ ಮನೆಗೆ ಹೋಗಿ ನೀವೇ ಓದಿ ಹೇಳಿ.